ಕಣ್ಣಳತೆಯೊಳಗಿನ ಓಟ

ಸಿಂಧನೂರು, ಹೊರಡುವ ಮುಂಚೆ

ನಮ್ಮ ಮನೆಯವರದು ಸಿಂಧನೂರಿನಲ್ಲಿ ಗೊಬ್ಬರ ಮತ್ತು ಔಷಧದ ಅಂಗಡಿ. ಔಷಧ ಎಂದರೆ ಮನುಷ್ಯರದಲ್ಲ, ಭತ್ತಕ್ಕೆ ಹೊಡೆಯುವುದು. ಚೆನ್ನಾಗಿ ಮಾಲು ಮಾರಿದ ಅಂಗಡಿಯವರನ್ನು ಕಂಪನಿಯವರು ಬೇಸಿಗೆಯಲ್ಲಿ ಪರದೇಶ ತಿರುಗಿಸಿಕೊಂಡು ಬರುವುದು ನಮ್ಮ ಕಡೆ ರೂಢಿ. ಹೋದ ಸಲ ಗಂಡಸರಷ್ಟೇ ಹೋಗಿದ್ದರು. ಬಂದ ಮೇಲೆ ಯಾರೊಬ್ಬರೂ ಮನೆಯಲ್ಲಿ ಫೋಟೋ ತೋರಿಸಲಿಲ್ಲ. ಈ ಸಲ ಹೆಂಗಸರೆಲ್ಲ ಪಟ್ಟು ಹಿಡಿದೆವು. ಕುಟುಂಬ ಸಮೇತ ವಿಯೆಟ್ನಾಂ, ಅಲ್ಲಿ ದನಾಂಗ್ ಎಂಬ ಸಮುದ್ರದ ಊರು ಎಂದು ಠರಾವಾಯಿತು.

ಹೊತ್ತೂ ಸರಿಯಿತ್ತು. ಬೇಸಿಗೆ ಬೆಳೆ ಕೊಯ್ಲಾಗಿತ್ತು. ಕಾಲುವೆಗೆ ನೀರು ನಿಲ್ಲಿಸಿದ್ದರು. ಅಂಗಡಿಯ ಮುಂದೆ ಒಂದು ಟ್ರ್ಯಾಕ್ಟರೂ ನಿಲ್ಲುತ್ತಿರಲಿಲ್ಲ. ಇನ್ನೇನು ಶಾಲೆ, ಕಾಲೇಜು ಶುರುವಾಗುವ ದಿನಗಳು. ಆದರೆ ನಮ್ಮ ಮನೆಯಲ್ಲಿ ಮಾತ್ರ ಸಮಾಧಾನ ಇರಲಿಲ್ಲ. ಅದಕ್ಕೆ ಕಾರಣ ನಮ್ಮ ಒಬ್ಬಳೇ ಮಗಳು ಶಿವಲೀಲಾ.

ಶಿವಲೀಲಾ ಹತ್ತನೇ ತರಗತಿ ಪಾಸಾಗಿದ್ದಾಳೆ. ಅವಳು ಓಡುತ್ತಾಳೆ. ಲಿಂಗಸುಗೂರಿನ ನನ್ನ ತವರಲ್ಲಿ ಅಣ್ಣನ ಮಕ್ಕಳ ಜೊತೆ ಪಂದ್ಯ ಕಟ್ಟಿ ಓಡಲು ಹತ್ತಿದವಳು ಆಮೇಲೆ ನಿಲ್ಲಲೇ ಇಲ್ಲ. ದಿನಾ ನಸುಕಿನಲ್ಲಿ ಜವಳಗೇರಾ ಕಡೆಯ ಕಾಲುವೆ ದಂಡೆ ಹಿಡಿದು, ಗದ್ದೆಗೆ ನೀರು ಬಿಡುವ ತೂಬಿನ ತನಕ ಓಡಿ, ತೂಬು ಮುಟ್ಟಿ ತಿರುಗುತ್ತಾಳೆ. ಮುಟ್ಟದೆ ತಿರುಗಿದರೆ ಆ ಓಟ ಲೆಕ್ಕಕ್ಕಿಲ್ಲ ಎಂದು ಅವರ ಪೀಟಿ ಮಾಸ್ತರ ಹೇಳಿದ್ದಾರೆ. ಅದು ಅವಳಿಗೆ ಶಾಸ್ತ್ರವಿದ್ದಂತೆ. ಪ್ರವಾಸ ಮುಗಿಸಿ ಬಂದ ಕೂಡಲೇ ಕ್ರೀಡಾ ಹಾಸ್ಟೆಲಿನ ಆಯ್ಕೆ ಇತ್ತು. ಅವಳಿಗೆ ಅಲ್ಲಿಗೆ ಹೋಗಬೇಕು. ಅವಳ ಅಪ್ಪನಿಗೆ ಕಳಿಸಲು ಮನಸ್ಸಿಲ್ಲ.

"ಮಂದಿ ಅಂಗಡಿಗೆ ಬಂದು ಯೂರಿಯಾ ಕೇಳೋದು ಬಿಟ್ಟು, ನಿನ್ನ ಮಗಳು ಇವತ್ತು ಎಲ್ಲಿತನ ಓಡಿದ್ಲು ಅಂತ ಕೇಳ್ತಾರ," ಎಂದರು ಒಂದು ದಿನ ಊಟಕ್ಕೆ ಕೂತಾಗ.

"ಕೇಳ್ಲಿ ಬಿಡ್ರಿ. ಕೆಟ್ಟದ್ದೇನು ಕೇಳ್ಯಾರ?"

"ಚಡ್ಡಿ ಹಾಕ್ಕೊಂಡು ಓಡ್ತಾಳಂತ ಅಂತಾರ."

"ಪ್ಯಾಂಟು ಹಾಕ್ಕೋತಾಳ. ಒಂದಿನಾರ ಎದ್ದು ಹೋಗಿ ನೋಡೀರೇನು?"

ಅವರು ನೋಡಿರಲಿಲ್ಲ. ಅಂಗಡಿ ಮುಚ್ಚಿ ಮನೆಗೆ ಬರುವಷ್ಟರಲ್ಲಿ ಅವರಿಗೆ ಬಹಳ ಹೊತ್ತಾಗಿರುತ್ತದೆ. ಮಗಳು ಓಡಿ ಬಂದು ಸ್ನಾನ ಮಾಡಿ ತಲೆ ಒರೆಸಿಕೊಳ್ಳುವಾಗ ಅವರು ಏಳುತ್ತಾರೆ.

ಪ್ರವಾಸದಲ್ಲೂ ಒಂದು ದಿನ ತಪ್ಪಿಸದೆ ಓಡು ಎಂದು ಮಾಸ್ತರ ಹೇಳಿ ಕಳಿಸಿದ್ದರು. ಅದಕ್ಕೆ ಮತ್ತೆ ಜಗಳ. "ಪರದೇಶದಾಗ ಒಬ್ಬಾಕಿನ್ನ ಓಡಾಕ ಬಿಡ್ತೀಯೇನ?" ಎಂದರು. ನನ್ನ ಕಣ್ಣ ಮುಂದೆಯೇ ಓಡುತ್ತಾಳೆ ಎಂದೆ. ಅವರು ಕೈ ತೊಳೆದು ಬಂದು ನಿಂತು, ಅಂಗಡಿಯಲ್ಲಿ ಗಿರಾಕಿಗೆ ಕಡೆಯ ದರ ಹೇಳುವ ದನಿಯಲ್ಲಿ ಹೇಳಿದರು.

"ಆತು. ನಿನ್ನ ಕಣ್ಣಳತಿ ದಾಟಿ ಹೋದ್ಲಂದ್ರ ಹಾಸ್ಟೆಲ್ ಮಾತು ಅಲ್ಲಿಗೇ ಬಂದ್. ಆಮ್ಯಾಲೆ ನೀನೂ ಎತ್ತಬಾರ್ದು, ಅಕೀನೂ ಎತ್ತಬಾರ್ದು."

"ಆತಪ್ಪಾಜಿ," ಎಂದಳು ಮಗಳು ಅಡುಗೆಮನೆಯೊಳಗಿಂದ. ನಾನು ಒಪ್ಪುವ ಮೊದಲೇ ಅವಳು ಒಪ್ಪಿದ್ದಳು.

ಹೊರಡುವ ಮುನ್ನಾ ದಿನ ಅವಳನ್ನು ಕರೆದುಕೊಂಡು ಮಸ್ಕಿಗೆ ಹೋಗಿ ಮಲ್ಲಯ್ಯನ ಗುಡ್ಡ ಹತ್ತಿದೆ. ನಾನು ಒಂದು ಸಲ ಹತ್ತುವುದರೊಳಗೆ ಅವಳು ಹತ್ತಿ ಇಳಿದು ಮತ್ತೆ ಹತ್ತಿದ್ದಳು. ದೇವರ ಮುಂದೆ ನಿಂತಾಗ ಏನು ಬೇಡಬೇಕೋ ತಿಳಿಯಲಿಲ್ಲ. ಅವಳನ್ನು ಓಡಿಸು ಎನ್ನಲೋ, ನಿಲ್ಲಿಸು ಎನ್ನಲೋ. ನನ್ನ ಕಣ್ಣು ಚೆಂದಾಗಿಡಪ್ಪಾ ಎಂದಷ್ಟೇ ಬೇಡಿ ಇಳಿದೆ.

ವಿಮಾನ ಹತ್ತುವಲ್ಲಿ

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಮೊದಲನೆಯ ಪರೀಕ್ಷೆ ನನ್ನದಾಯಿತು. ನಾವು ಲಿಂಗ ಧರಿಸಿದವರು. ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ ಇಟ್ಟು, ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡರೆ ಮುಗಿಯಿತು, ಅದು ಮೈಬಿಟ್ಟು ಹೋಗುವಂತಿಲ್ಲ. ನಾನು ತಪಾಸಣೆಯ ಚೌಕಟ್ಟಿನೊಳಗೆ ಕಾಲಿಟ್ಟ ಕೂಡಲೇ ಚೌಕಟ್ಟು ಕೂಗಿಕೊಂಡಿತು.

ಪೊಲೀಸ್ ಹುಡುಗಿ ಕೊರಳ ಕಡೆ ಕೈ ಮಾಡಿ, ತೆಗೆದು ಬುಟ್ಟಿಯಲ್ಲಿ ಹಾಕಿ ಎಂದಳು. ಬುಟ್ಟಿಯಲ್ಲಿ ಯಾರದೋ ಚಪ್ಪಲಿ, ಬೆಲ್ಟು ಇದ್ದವು.

"ಇದು ತೆಗಿಯಂಗಿಲ್ಲವ್ವಾ," ಎಂದೆ.

ಹಿಂದೆ ಸಾಲು ಬೆಳೆಯುತ್ತಿತ್ತು. ನಮ್ಮ ಮನೆಯವರು ಆಚೆ ನಿಂತು, "ಏ, ಜಲ್ದಿ ಮಾಡು ಮಾರಾಯ್ತಿ," ಎನ್ನುತ್ತಿದ್ದರು. ನಾನು ಕರಡಿಗೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಲಕ್ಷ್ಮಿ ವದಿನ ತೆಲುಗಿನಲ್ಲಿ ಏನೋ ಹೇಳಿದರು. ಆ ಹುಡುಗಿ ನಕ್ಕು, ನನ್ನನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ, ಕರಡಿಗೆ ಮುಟ್ಟದೆ ಸುತ್ತಲೂ ಯಂತ್ರ ಆಡಿಸಿ ಬಿಟ್ಟಳು.

ಲಕ್ಷ್ಮಿ ವದಿನ ದಢೇಸುಗೂರು ಹತ್ತಿರದ ಕ್ಯಾಂಪಿನವರು. ಅವರ ಗಂಡನದೂ ಗೊಬ್ಬರದ ಅಂಗಡಿ. ಅಜ್ಜನ ಕಾಲಕ್ಕೆ ಆಂಧ್ರದಿಂದ ಬಂದು ನೆಲೆನಿಂತ ಮನೆತನ. ವಯಸ್ಸಿನಲ್ಲಿ ನನಗಿಂತ ಹಿರಿಯರಾದರೂ ನನ್ನನ್ನೇ ವದಿನ, ಅಂದರೆ ಅತ್ತಿಗೆ, ಎನ್ನುತ್ತಾರೆ, ನಾನೂ ಅವರನ್ನು ಹಾಗೇ ಎನ್ನುತ್ತೇನೆ.

"ಏನಂದ್ರಿ ಅಕಿಗೆ?" ಎಂದು ಕೇಳಿದೆ.

"ಈಯಮ್ಮಗ ಅದನ್ನ ತೆಗಿ ಅಂದ್ರ ಗಂಡನ್ನ ಇಲ್ಲೇ ಬಿಟ್ಟು ವಾಪಸ್ ಹೋಗ್ತಾಳಮ್ಮಾ, ಆ ಮನಿಷಿನ ನೀನೇ ಸಾಕಬೇಕಾಗ್ತದ ಅಂದೆ."

ಇಂಥ ಒಬ್ಬರನ್ನು ಜೊತೆಗೆ ಕೊಟ್ಟದ್ದು ಶಿವನ ಕೃಪೆ ಎಂದು ಅಲ್ಲಿಂದಲೇ ಎಣಿಸಲು ಶುರು ಮಾಡಿದೆ.

ದನಾಂಗ್, ಸಮುದ್ರದ ದಂಡೆ

ನಾವು ಸಮುದ್ರ ಅಂತ ನೋಡಿದ್ದು ಗೋಕರ್ಣದಲ್ಲಿ ಒಮ್ಮೆ. ಅಲ್ಲಿ ಸೂರ್ಯ ನೀರಿಗಿಳಿದು ಮುಳುಗುತ್ತಾನೆ. ಇಲ್ಲಿ ನೀರಿನಿಂದ ಎದ್ದು ಬರುತ್ತಾನೆ. ಪೂಜೆಗೆ ಕೂಡುವವರಿಗೆ ಇದು ಬಲು ಅನುಕೂಲ. ನಮ್ಮ ಕೋಣೆಗೆ ಸಮುದ್ರದ ಕಡೆ ಒಂದು ಬಾಲ್ಕನಿ ಇತ್ತು. ಅಲ್ಲೇ ಚಾಪೆ ಹಾಸಿ ಕೂತರೆ ಕೆಳಗಿನ ದಂಡೆಯೆಲ್ಲ ಕಾಣುತ್ತಿತ್ತು. ಮಗಳ ಓಟ, ನನ್ನ ಪೂಜೆ ಎರಡೂ ಒಂದೇ ಹೊತ್ತಿಗೆ ಆಗುವಂತೆ ಜಾಗ ಸಿಕ್ಕಿತು.

ಆ ಊರಿನ ಮಂದಿ ನಮಗಿಂತ ಬೇಗ ಏಳುತ್ತಾರೆ. ಇನ್ನೂ ಮಸುಕು ಇರುವಾಗಲೇ ಮುದುಕರು, ಮುದುಕಿಯರು, ಮೊಮ್ಮಕ್ಕಳು ಸಮುದ್ರಕ್ಕಿಳಿದು ಮೀಯುತ್ತಾರೆ. ಬಿಸಿಲೇರುವಷ್ಟರಲ್ಲಿ ಎಲ್ಲರೂ ಮಾಯ. ಆಮೇಲೆ ದಂಡೆಯಲ್ಲಿ ಉಳಿಯುವವರು ನಮ್ಮಂಥ ಹೊರಗಿನವರೇ. ಹೆಂಗಸರು ಬಿಸಿಲಿಗೆ ಎಷ್ಟು ಹೆದರುತ್ತಾರೆಂದರೆ, ಸ್ಕೂಟರಿನ ಮೇಲೆ ಹೋಗುವಾಗ ತಲೆಯಿಂದ ಬೆರಳ ತುದಿಯವರೆಗೂ ಮುಚ್ಚಿಕೊಳ್ಳುತ್ತಾರೆ, ಕಣ್ಣಷ್ಟೇ ಹೊರಗೆ. ನಮ್ಮಲ್ಲಿ ನಾಟಿ ಹಚ್ಚುವ ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಳ್ಳುವುದಿಲ್ಲವೇ, ಹಾಗೇ. ಅಂಗಡಿಗಳ ಮುಂದೆ ನೆಲದ ಮಟ್ಟಕ್ಕೇ ಒಂದು ಚಿಕ್ಕ ದೇವರ ಗೂಡು, ಊದುಬತ್ತಿ, ಎರಡು ಹಣ್ಣು. ದೇವರಿಗೆ ಕೈಮುಗಿದೇ ಬಾಗಿಲು ತೆರೆಯುವವರೆಂದು ನೋಡಿ ನನಗೆ ಧೈರ್ಯ ಬಂತು.

ಊಟದ್ದೇ ಕಷ್ಟ. ಸೊಪ್ಪಿನ ಮೇಲೂ ಮೀನಿನ ರಸ ಹನಿಸುತ್ತಾರೆ. ಕಟ್ಟಿಕೊಂಡು ಹೋಗಿದ್ದ ಗರಿಗರಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಪುಡಿ ನಮ್ಮನ್ನು ಬದುಕಿಸಿದವು.

ಮೊದಲನೆಯ ಬೆಳಗ್ಗೆ ಮಗಳನ್ನು ಕರೆದುಕೊಂಡು ದಂಡೆಗಿಳಿದು, ಎಲ್ಲಿಯ ತನಕ ಓಡಬೇಕೆಂದು ಗುರುತು ಹುಡುಕಿದೆ. ದೂರದಲ್ಲಿ ಮರಳಿನ ಮೇಲೆ ಒಂದು ದುಂಡನೆಯ ದೋಣಿ ಮಗುಚಿ ಹಾಕಿತ್ತು. ಕೃಷ್ಣಾ ಹೊಳೆಯಲ್ಲಿ ಹಿಂದೆ ನಾವು ಕೂತು ದಾಟುತ್ತಿದ್ದ ಹರಗೋಲಿನಂತೆಯೇ, ಬಿದಿರು ಹೆಣೆದದ್ದು. ಮೈಗೆ ಸಗಣಿ ಮೆತ್ತಿ ಮೇಲೆ ಡಾಂಬರಿನಂಥದ್ದೇನೋ ಬಳಿಯುತ್ತಾರಂತೆ, ನಮ್ಮನ್ನು ಊರು ತಿರುಗಿಸುತ್ತಿದ್ದ ಮಾರ್ಗದರ್ಶಿ ಹುಡುಗಿ ಹೇಳಿದಳು. ಸಗಣಿ ಎಂದು ಕೇಳಿದ ಮೇಲೆ ಆ ದೋಣಿ ನನಗೆ ಮನೆಯದೇ ಅನ್ನಿಸಿತು. ಬಾಲ್ಕನಿಯಿಂದ ಅದು ಎಮ್ಮೆ ಮಲಗಿದಂತೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಅಲ್ಲಿತನ ಹೋಗಿ ಅದನ್ನ ಮುಟ್ಟಿ ತಿರುಗು. ಎಷ್ಟು ಸುತ್ತಾರ ಹೊಡಿ, ಅದನ್ನ ದಾಟಬ್ಯಾಡ," ಎಂದೆ.

"ಇದು ಸಣ್ಣ ಸುತ್ತಾಗ್ತದವ್ವ. ತಿರುಗೋದರಾಗೇ ದಮ್ಮು ಹೋಗ್ತದ."

"ಹೋದ್ರ ಹೋಗ್ಲಿ. ಹಾಸ್ಟೆಲ್ ಹೋಗಬಾರ್ದಲ್ಲ."

ಆ ದಿನವೂ ಮರುದಿನವೂ ಗಾಳಿ ಜೋರಿತ್ತು. ಅಲೆಗಳು ಎದ್ದೆದ್ದು ಬೀಳುತ್ತಿದ್ದವು. ನಾನು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಒಂದು ಕಣ್ಣು ಲಿಂಗದ ಮೇಲೆ, ಒಂದು ಕಣ್ಣು ಮಗಳ ಮೇಲೆ ಇಟ್ಟು ಪೂಜೆ ಮಾಡಿದೆ. ಹೋಗಿ ದೋಣಿ ಮುಟ್ಟುತ್ತಿದ್ದಳು, ಬರುತ್ತಿದ್ದಳು. ಅವಳು ಹಿಂತಿರುಗಿದ ಪ್ರತಿ ಸಲವೂ ನನ್ನ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತು. ಆದರೆ ಹೀಗೆ ಮಾಡಿದ ಪೂಜೆ ಪೂಜೆಯಲ್ಲ ಎಂದು ಒಳಗೆ ಚುಚ್ಚುತ್ತಲೂ ಇತ್ತು. ನೋಟವನ್ನು ಲಿಂಗದಲ್ಲಿ ನೆಡಬೇಕೆಂದು ಹೇಳಿಕೊಟ್ಟಿದ್ದಾರೆ. ನಾನು ಸಂತೆಯಲ್ಲಿ ಚೀಲ ಕಾಯುವವಳ ಹಾಗೆ ಕೂತಿದ್ದೆ.

ಭತ್ತದ ಗದ್ದೆ

ಎರಡನೆಯ ದಿನ ಮಧ್ಯಾಹ್ನ ಬಸ್ಸಿನಲ್ಲಿ ಎಲ್ಲೋ ಕರೆದುಕೊಂಡು ಹೊರಟಿದ್ದರು. ದಾರಿಯಲ್ಲಿ ಭತ್ತದ ಗದ್ದೆ ಕಂಡಿತು. ನಮ್ಮ ಗಂಡಸರೆಲ್ಲ ಒಟ್ಟಿಗೆ ಕೂಗಿ ಬಸ್ಸು ನಿಲ್ಲಿಸಿದರು. ಮಾರ್ಗದರ್ಶಿ ಹುಡುಗಿ ಯಾರಿಗೋ ವಾಂತಿ ಬಂತೆಂದು ಪ್ಲಾಸ್ಟಿಕ್ ಚೀಲ ಹಿಡಿದು ಓಡಿ ಬಂದಳು. ಇವರು ಎಲ್ಲರೂ ಇಳಿದು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬುಡ ಸೀಳಿ ನೋಡತೊಡಗಿದರು.

"ಹುಳ ಬಿದ್ದದಲೇ ಇಲ್ಲೂ," ಎಂದರು ನಮ್ಮ ಮನೆಯವರು ಖುಷಿಯಿಂದ.

ಲಕ್ಷ್ಮಿ ವದಿನ ಕಿಟಕಿಯಿಂದ, "ಇಲ್ಲೂ ಒಂದು ಅಂಗಡಿ ಹಾಕ್ರಿ ಅಣ್ಣಾ, ನಾವು ಉದ್ರಿ ಒಯ್ತೀವಿ," ಎಂದರು. ಎಲ್ಲರೂ ನಕ್ಕರು. ಮನೆಯವರೂ ನಕ್ಕರು. ಅವರ ಮುಖ ತಿಳಿಯಾದದ್ದು ಕಂಡು, ಈಗಲೇ ಹಾಸ್ಟೆಲಿನ ಮಾತು ತೆಗೆದರೆ ಹೇಗೆ ಅನ್ನಿಸಿತು. ಅವರು ಪಕ್ಕದಲ್ಲಿ ಬಂದು ಕೂತಾಗ, "ಎಲ್ಡು ದಿನ ಹೇಳಿದಂಗ ಓಡ್ಯಾಳ್ರಿ," ಎಂದೆ.

"ಇನ್ನೂ ದಿನ ಅದಾವಲ್ಲ," ಎಂದು ಕಿಟಕಿಯ ಕಡೆ ತಿರುಗಿದರು.

ಹಿಂದಿನ ಸೀಟಿನಲ್ಲಿ ಕೂತ ಮಗಳು ಕೇಳಿಸಿಕೊಂಡಳೆಂದು ನನಗೆ ಗೊತ್ತಾಯಿತು. ಸೀಟಿಗೆ ಒತ್ತಿದ್ದ ಅವಳ ಮೊಣಕಾಲು ಸರಿಯಿತು.

ದೋಣಿ ಇಲ್ಲದ ಬೆಳಗು

ಮರುದಿನ ಎದ್ದಾಗ ಗಾಳಿ ಬಿದ್ದುಹೋಗಿತ್ತು. ಸಮುದ್ರ ಕೆರೆಯಂತೆ ಮಲಗಿತ್ತು. ಶಿವನೇ, ಇವತ್ತಾದರೂ ಸಮಾಧಾನ ಕೊಟ್ಟೆಯಲ್ಲ ಎಂದುಕೊಂಡೆ. ಮಗಳು ಬೂಟಿನ ದಾರ ಕಟ್ಟಿಕೊಂಡು, ಫೋನನ್ನು ಮಂಚದ ಮೇಲಿಟ್ಟು ಕೆಳಗಿಳಿದು ಹೋದಳು. ಮನೆಯವರು ಗೊರಕೆ ಹೊಡೆಯುತ್ತಿದ್ದರು. ನಾನು ಸ್ನಾನ ಮುಗಿಸಿ, ಬಾಲ್ಕನಿಯಲ್ಲಿ ಚಾಪೆ ಹಾಸಿ ಕೂತೆ. ಕೆಳಗೆ ಅವಳು ಕೈ ಎತ್ತಿ ತೋರಿಸಿ ಹೊರಟಳು. ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ.

ಇವತ್ತೊಂದು ದಿನ ಸರಿಯಾಗಿ ಪೂಜೆ ಮಾಡೋಣ ಅನ್ನಿಸಿತು. ಲಿಂಗಕ್ಕೆ ನೀರೆರೆದೆ, ವಿಭೂತಿ ಹಚ್ಚಿದೆ, ಊರಿಂದ ತಂದ ಒಣಗಿದ ಪತ್ರಿ ಏರಿಸಿದೆ. ಎಡಗೈಯಲ್ಲಿಟ್ಟುಕೊಂಡು ಕಣ್ಣು ಅದರಲ್ಲೇ ನೆಟ್ಟೆ. ಬಹಳ ದಿನಗಳ ಮೇಲೆ ಮನಸ್ಸು ಒಂದು ಕಡೆ ನಿಂತಿತು. ಎಷ್ಟು ಹೊತ್ತು ಹಾಗಿದ್ದೆನೋ ಗೊತ್ತಿಲ್ಲ. ತಲೆ ಎತ್ತಿದಾಗ ಸೂರ್ಯ ನೀರು ಬಿಟ್ಟು ಮೇಲೆ ಬಂದಿದ್ದ.

ದಂಡೆಯಲ್ಲಿ ಮಗಳು ಇರಲಿಲ್ಲ. ದೋಣಿಯ ಕಡೆ ನೋಡಿದೆ. ದೋಣಿಯೂ ಇರಲಿಲ್ಲ. ಅದಿದ್ದ ಜಾಗದಲ್ಲಿ ಬರೀ ಮರಳು.

ಜಾಗ ತಪ್ಪಿ ನೋಡುತ್ತಿದ್ದೇನೆಂದು ಕಣ್ಣು ಉಜ್ಜಿಕೊಂಡೆ. ಆಮೇಲೆ ನೀರಿನ ಕಡೆ ನೋಡಿದಾಗ, ಬಹು ದೂರದಲ್ಲಿ ಒಂದು ಕರಿ ಚುಕ್ಕೆ ತೇಲುತ್ತಿತ್ತು. ಗಾಳಿ ನಿಂತಿತ್ತಲ್ಲ, ಮೀನು ಹಿಡಿಯುವವನು ದೋಣಿ ಇಳಿಸಿಕೊಂಡು ಹೋಗಿದ್ದ. ಊರಿನ ತೂಬು ಎಲ್ಲಿಗೂ ಹೋಗುವುದಿಲ್ಲ. ದೋಣಿ ಹೋಗುತ್ತದೆ. ಇಷ್ಟು ಸಾದಾ ಸಂಗತಿ ನನ್ನ ತಲೆಗೆ ಹೊಳೆದಿರಲಿಲ್ಲ, ಅವಳ ತಲೆಗೂ ಹೊಳೆದಿರಲಿಲ್ಲ.

ಪೂಜೆಯ ನಡುವೆ ಏಳುವಂತಿಲ್ಲ. ಎದ್ದೆ. ಲಿಂಗ ಕರಡಿಗೆಗೆ ಸೇರಿಸಲೂ ಕೈ ಸಾಗಲಿಲ್ಲ, ಮುಷ್ಟಿಯಲ್ಲೇ ಹಿಡಿದುಕೊಂಡೆ. ಕೋಣೆ ದಾಟುವಾಗ ಮನೆಯವರ ಮಂಚದ ಮುಂದೆ ಕಾಲು ನಿಂತಿತು. ಎಬ್ಬಿಸಿದರೆ ಮಗಳ ಹಾಸ್ಟೆಲ್ ಆ ಕ್ಷಣಕ್ಕೇ ಮುಗಿದಂತೆ. ಎಬ್ಬಿಸದೆ ಹೋಗಿ ಅವಳಿಗೇನಾದರೂ ಆಗಿದ್ದರೆ? ಗೊರಕೆ ಕೇಳುತ್ತಾ ಹೊಸ್ತಿಲಲ್ಲಿ ನಿಂತೆ. ಅವರು ಏಳುವುದರೊಳಗೆ ಹುಡುಕಿ ತರುತ್ತೇನೆಂದು ಬಾಗಿಲು ಸದ್ದಾಗದಂತೆ ಎಳೆದುಕೊಂಡೆ.

ಕೆಳಗೆ ಲಕ್ಷ್ಮಿ ವದಿನ ಚಹಾದ ಲೋಟ ಹಿಡಿದು ಕೂತಿದ್ದರು.

"ಏಮೈಂದಿ ವದಿನಾ? ಚಪ್ಪಲಿ ಇಲ್ಲದ ಎಲ್ಲಿ ಹೊಂಟ್ರಿ?"

"ಶಿವಲೀಲಾ ಕಾಣವಲ್ಲಳು. ದೋಣಿ ಇಲ್ಲ."

"ದೋಣಿ ಯಾಕ?"

ಹೇಳಲು ಹೊತ್ತಿರಲಿಲ್ಲ. ಅವರು ಲೋಟ ಇಟ್ಟು ನನ್ನ ಹಿಂದೆಯೇ ಬಂದರು. "ಅಣ್ಣಾನ್ನ ಎಬ್ಬಿಸ್ಲೇನು?"

"ಬ್ಯಾಡ್ರಿ. ಈಗ ಬ್ಯಾಡ."

ದಂಡೆಯ ಮೇಲೆ

ಮರಳಲ್ಲಿ ಓಡುವುದು ಏನೆಂದು ಅಂದು ಗೊತ್ತಾಯಿತು. ಕಾಲು ಇಟ್ಟಲ್ಲಿ ನೆಲ ಹಿಂದಕ್ಕೆ ಜಾರುತ್ತದೆ. ಸೀರೆಯ ನೆರಿಗೆ ಬಲಗೈಯಲ್ಲಿ, ಲಿಂಗ ಎಡಗೈಯಲ್ಲಿ. ದೋಣಿ ಇದ್ದ ಜಾಗಕ್ಕೆ ಬಂದಾಗ ಮರಳಲ್ಲಿ ದುಂಡನೆಯ ಗುರುತು, ಅದರ ಸುತ್ತ ಬೂಟಿನ ಹೆಜ್ಜೆ. ಆ ಹೆಜ್ಜೆಗಳು ಅಲ್ಲಿ ತಿರುಗಿರಲಿಲ್ಲ. ಮುಂದಕ್ಕೆ ಹೋಗಿದ್ದವು. ಸ್ವಲ್ಪ ದೂರ ಕಂಡು, ಆಮೇಲೆ ನೀರಿನ ಕಡೆ ಸರಿದು, ಅಲೆ ಒರೆಸಿಹಾಕಿದ ಕಡೆ ಇಲ್ಲವಾದವು.

ನೀರಿನ ಕಡೆ ಸರಿದವು ಎಂದು ಕಂಡಾಗ ನೀರಿನಂಚಿಗೆ ಓಡಿ ಅವಳ ಹೆಸರು ಹಿಡಿದು ಕೂಗಿದೆ. ಅವಳಿಗೆ ಈಜು ಬರುವುದಿಲ್ಲ.

ಮಿಂದು ಮನೆಗೆ ಹೊರಟಿದ್ದ ಮುದುಕಿಯೊಬ್ಬಳು ತಲೆಗೆ ಟವೆಲ್ ಸುತ್ತಿಕೊಂಡು ಎದುರಾದಳು. ನಾನು ಕನ್ನಡದಲ್ಲೇ ಕೇಳಿದೆ, ನಿಂತಲ್ಲೇ ಓಡುವಂತೆ ಕಾಲು ಆಡಿಸಿ, ನನ್ನ ಕಿವಿಯ ಮಟ್ಟಕ್ಕೆ ಕೈ ತೋರಿಸಿ, ಜಡೆ ತೋರಿಸಿ. ಅವಳು ನನ್ನ ಮುಷ್ಟಿಯನ್ನೂ ಹಣೆಯ ವಿಭೂತಿಯನ್ನೂ ನೋಡಿದಳು. ಆಮೇಲೆ ತನ್ನ ಜಡೆಯ ಜಾಗವನ್ನು ಮುಟ್ಟಿ, ದಂಡೆಯುದ್ದಕ್ಕೂ ದೂರ, ಇನ್ನೂ ದೂರ ಎಂಬಂತೆ ಕೈ ಬೀಸಿದಳು. ಹೋಗಿದ್ದಾಳೆ. ಆ ಕಡೆ ಹೋಗಿದ್ದಾಳೆ, ನೀರಿಗಲ್ಲ. ಅಷ್ಟು ತಿಳಿದದ್ದಕ್ಕೆ ಆ ತಾಯಿಗೆ ಬಗ್ಗಿ ನಮಸ್ಕಾರ ಮಾಡಿದೆ. ಅವಳೂ ಬಗ್ಗಿದಳು.

ಆದರೆ ಆ ಕಡೆ ದಂಡೆಗೆ ಕೊನೆಯೇ ಇರಲಿಲ್ಲ. ಎಲ್ಲ ಕಡೆ ಒಂದೇ ಥರದ ಎತ್ತರದ ಹೋಟೆಲುಗಳು. ಫೋನಿಲ್ಲ, ಭಾಷೆ ಇಲ್ಲ, ನಮ್ಮ ಹೋಟೆಲಿನ ಹೆಸರು ಅವಳ ಬಾಯಲ್ಲಿ ತಿರುಗುವುದಿಲ್ಲ. ಅಷ್ಟು ದೂರ ಕಣ್ಣು ಹಾಯಿಸಿದರೂ ಓಡಿ ಬರುವವರು ಯಾರೂ ಕಾಣಲಿಲ್ಲ. ನಾನು ಅಲ್ಲೇ ನಿಂತೆ.

ಲಕ್ಷ್ಮಿ ವದಿನ ಏದುಸಿರು ಬಿಡುತ್ತಾ ಪಕ್ಕದಲ್ಲಿ ನಿಂತರು.

"ಎಬ್ಬಿಸ್ರಿ ವದಿನಾ," ಎಂದೆ. "ಹೋಗಿ ಅವರನ್ನ ಎಬ್ಬಿಸ್ರಿ."

ಇಷ್ಟು ಹೇಳುವಾಗ ನನ್ನ ಮಗಳ ಕೈಯಿಂದ ನಾನೇ ಏನನ್ನೋ ಕಿತ್ತುಕೊಂಡ ಹಾಗಾಯಿತು. ಆದರೂ ಹೇಳಿದೆ. ಓಟ ಹೋಗಲಿ ಶಿವನೇ, ಹುಡುಗಿಯನ್ನು ಕೊಡು ಎಂದು ಮುಂದೆ ನಡೆದೆ.

ಮನೆಯವರು ಲುಂಗಿ, ಬನಿಯನ್ನಿನಲ್ಲೇ ಓಡಿ ಬಂದರು. ಅವರು ಓಡಿದ್ದನ್ನು ಮದುವೆಯಾದ ಮೇಲೆ ನಾನು ನೋಡಿದ್ದು ಅದೇ ಮೊದಲು. ನನ್ನನ್ನು ಸೇರಿಕೊಂಡಾಗ ಮಾತು ಹೊರಡದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಯಾವಾಗಿಂದ?"

"ಪೂಜಿಗೆ ಕುಂತಾಗ. ನಾ ಲಿಂಗ ನೋಡಾಕತ್ತಿದ್ದೆ."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಇಬ್ಬರೂ ನಡೆದೆವು, ನಡೆದೆವು ಎನ್ನುವುದಕ್ಕಿಂತ ಎದ್ದು ಬಿದ್ದು ಹೋದೆವು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅಷ್ಟು ದೂರ ಹೋದ ಮೇಲೆ ನೀರಿನಂಚಿಗೆ ಒಂದು ಗೆರೆಯಷ್ಟು ಏನೋ ಅಲ್ಲಾಡಿತು.

"ಯಾರೋ ಓಡಿ ಬರಾಕತ್ತಾರ," ಎಂದೆ.

ಅವರು ಹುಬ್ಬಿಗೆ ಕೈ ಹಿಡಿದು ನೋಡಿದರು. "ಅಕಿ ಅಲ್ಲ ಬಿಡು. ಇಲ್ಲಿಯ ಯಾರೋ ಓಟಗಾರರು. ಎಷ್ಟು ಜೋರು ಬರಾಕತ್ತಾರ ನೋಡು. ಅಕಿ ಇಷ್ಟು ಜೋರು ಎಲ್ಲಿ ಓಡ್ತಾಳ."

ಆ ಕೈ ಬೀಸುವುದನ್ನು, ಎಡಗಡೆ ಸ್ವಲ್ಪ ವಾಲುವ ಆ ತಲೆಯನ್ನು ಎಷ್ಟು ನಸುಕು ನೋಡಿಲ್ಲ ನಾನು. ಗೆರೆ ದೊಡ್ಡದಾಯಿತು. ಜಡೆ ಕಂಡಿತು. ಮನೆಯವರ ಕೈ ಹುಬ್ಬಿನ ಮೇಲೇ ಉಳಿಯಿತು.

ಅವಳು ನಮ್ಮ ಮುಂದೆ ಬಂದು ನಿಂತು, ಮೊಣಕಾಲಿಗೆ ಕೈಕೊಟ್ಟು ಉಸಿರು ಸುಧಾರಿಸಿಕೊಂಡಳು. ಅಪ್ಪನನ್ನು ನೋಡಿ ಮುಖ ಬಿಳಚಿಕೊಂಡಿತು.

"ದೋಣಿ ಸಿಗವಲ್ಲದಾಗಿತ್ತವ್ವ. ಮುಂದ ಇರ್ಬೇಕಂತ ಓಡಿದೆ. ಮುಟ್ಟದ ಹೆಂಗ ತಿರುಗ್ಲಿ? ಭಾಳ ದೂರ ಹೋದ ಮ್ಯಾಲೆ ಮೀನಿನವರ ದೋಣಿ ಸಾಲಾಗಿ ಬಂದ್ವು. ಒಂದು ಮುಟ್ಟಿದೆ. ತಿರುಗಿದಾಗ ನಮ್ಮ ಹೋಟೆಲ್ಲೇ ಕಾಣಲಿಲ್ಲ. ಹೆದರಿಕಿ ಬಂತು, ಅದಕ್ಕ ಜೋರು ಓಡಿದೆ."

"ತಪ್ಪು ಅಕೀದಲ್ರಿ," ಎಂದೆ. "ಗುರುತು ಹಾಕಿದಾಕಿ ನಾನು. ಕಣ್ಣು ತೆಗದಾಕೀನೂ ನಾನ."

ಮನೆಯವರು ಲುಂಗಿ ಬಿಗಿದು ಕಟ್ಟಿಕೊಂಡರು. "ನಡೀರಿ," ಎಂದು ತಿರುಗಿದರು.

ಆಗ ನೆನಪಾಗಿ ಮುಷ್ಟಿ ಬಿಚ್ಚಿದೆ. ಬೆವರಿಗೆ ವಿಭೂತಿ ಕರಗಿ ಅಂಗೈಯೆಲ್ಲ ಬೆಳ್ಳಗಾಗಿತ್ತು. ಪತ್ರಿ ಎಲ್ಲಿ ಬಿದ್ದಿತ್ತೋ. ಲಿಂಗ ಮಾತ್ರ ಇತ್ತು.

ಬಸ್ಸಿನಲ್ಲಿ ಆ ದಿನ

ಆ ದಿನ ಗುಡ್ಡದ ಮೇಲಿನ ಯಾವುದೋ ದೊಡ್ಡ ದೇವಾಲಯ ತೋರಿಸಿದರು. ಕೈಮುಗಿದದ್ದು ನೆನಪಿದೆ, ದೇವರ ಮುಖ ನೆನಪಿಲ್ಲ. ಅಪ್ಪ, ಮಗಳು ಒಂದೇ ಬಸ್ಸಿನಲ್ಲಿ ಬೇರೆ ಬೇರೆ ತುದಿಗೆ ಕೂತರು. ಎಲ್ಲರಿಗೂ ಸುದ್ದಿ ಗೊತ್ತಾಗಿತ್ತು. ಲಕ್ಷ್ಮಿ ವದಿನ ನಗಿಸಲು ನೋಡಿದರು.

"ಅಣ್ಣಾ, ನೀವು ಲುಂಗಿ ಕಟ್ಕೊಂಡು ಓಡಿದ್ದು ನೋಡಿದ್ರ ನಿಮ್ಮನ್ನೂ ಹಾಸ್ಟೆಲ್‌ಗೆ ತೊಗೋತಿದ್ರು."

ಹಾಸ್ಟೆಲ್ ಎಂಬ ಮಾತು ಬಿದ್ದ ಕೂಡಲೇ ಬಸ್ಸಿನಲ್ಲಿದ್ದವರೆಲ್ಲ ಇವರ ಮುಖ ನೋಡಿದರು. ಮನೆಯವರು ನಗಲಿಲ್ಲ. ವದಿನ ನನ್ನ ಕೈ ಒತ್ತಿ, ತಪ್ಪಾಯಿತೆಂಬಂತೆ ನಾಲಿಗೆ ಕಚ್ಚಿಕೊಂಡರು.

ಸಂಜೆ ಮಗಳು ಕಾಲು ತೊಳೆದು, ಬೂಟಿನ ಮರಳು ಕೊಡವಿ, ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕಿಟ್ಟಳು. ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಬಟ್ಟೆ ಮಡಿಚಿದಂತೆ ಅಚ್ಚುಕಟ್ಟಾಗಿ ಆ ಕೆಲಸ ಮುಗಿಸಿದಳು. ಮನೆಯವರು ಮಂಚದ ಮೇಲೆ ಕೂತು ನೋಡುತ್ತಿದ್ದರು.

ಅವಳು ಸ್ನಾನಕ್ಕೆ ಹೋದಾಗ, ಇನ್ನೊಂದು ಸಲ ಮಾತಾಡೋಣವೆಂದು ಬಾಯಿ ತೆರೆದೆ. ಅವರೇ ಮೊದಲು ಹೇಳಿದರು.

"ಅಕಿಗೆ ಏನಾರ ಆಗಿದ್ರ ಏನ್ ಮಾಡ್ತಿದ್ದಿ?"

"ಏನೂ ಆಗಲಿಲ್ಲಲ್ರಿ. ಶಿವ ಕಾದ."

"ನಿನ್ನ ಶಿವ ಕಾದ. ನಾ ಮಲಗಿದ್ದೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಅದು ಸಿಟ್ಟೋ, ನೋವೋ ತಿಳಿಯಲಿಲ್ಲ. ಮಾತು ಮುರಿಯಿತೋ ಉಳಿಯಿತೋ ಅದೂ ತಿಳಿಯಲಿಲ್ಲ. ನನ್ನ ತವರಿನವರಿಗೆ ಹೇಳಿ ಕೇಳಿಸಲೇ, ಮಾಸ್ತರಿಂದ ಹೇಳಿಸಲೇ ಎಂದೆಲ್ಲ ಯೋಚಿಸಿದೆ. ಯಾರು ಹೇಳಿದರೂ ಇವರು ಕೇಳುವವರಲ್ಲ ಎಂದು ನನಗೆ ಗೊತ್ತು. ಅಂಗಡಿಯಲ್ಲಿ ಒಮ್ಮೆ ದರ ಹೇಳಿದ ಮೇಲೆ ಇಳಿಸಿದ್ದನ್ನು ನಾನು ಕಂಡಿಲ್ಲ.

ಕೊನೆಯ ಬೆಳಗು

ಊರಿಗೆ ಹೊರಡುವ ದಿನ ಎಚ್ಚರವಾದಾಗ ಅಪ್ಪ, ಮಗಳು ಇಬ್ಬರ ಮಂಚವೂ ಖಾಲಿ. ಪೆಟ್ಟಿಗೆ ತೆರೆದಿತ್ತು. ಬೂಟಿನ ಚೀಲ ನೆಲದ ಮೇಲೆ ಬಿದ್ದಿತ್ತು.

ಬಾಲ್ಕನಿಗೆ ಹೋಗಿ ನೋಡಿದೆ. ಗಾಳಿ ಇರಲಿಲ್ಲ, ಸಮುದ್ರ ಸುಮ್ಮನಿತ್ತು, ದೋಣಿ ಅಂದೂ ಹೋಗಿತ್ತು. ದೋಣಿಯ ಜಾಗದಲ್ಲಿ ಹಳದಿ ಬಣ್ಣದ್ದೇನೋ ನಿಂತಿತ್ತು. ಕಂಪನಿಯವರು ಎಲ್ಲರಿಗೂ ಹಂಚಿದ್ದ ಹಳದಿ ಟೀಶರ್ಟು ಅದು. ಬಿಗಿಯಾಗುತ್ತದೆಂದು ಮನೆಯವರು ಅದನ್ನು ಒಂದು ದಿನವೂ ಹಾಕಿರಲಿಲ್ಲ. ಈಗ ಅದನ್ನು ತೊಟ್ಟು, ಲುಂಗಿ ಮೇಲಕ್ಕೆ ಕಟ್ಟಿ, ಒಂದು ಕೈ ಮುಂದೆ ಚಾಚಿ ನಿಂತಿದ್ದರು. ಮಗಳು ಓಡಿ ಹೋಗಿ ಆ ಕೈ ಮುಟ್ಟಿ ತಿರುಗಿದಳು.

ಸ್ನಾನ ಮಾಡಿ ಬಂದು ಚಾಪೆ ಹಾಸುವಷ್ಟರಲ್ಲಿ ಅವಳು ಇನ್ನೊಂದು ಸುತ್ತು ಮುಗಿಸಿ ಅಪ್ಪನ ಬಳಿ ನಿಂತಿದ್ದಳು. ಏನೋ ಹೇಳುತ್ತಿದ್ದಳು. ಸುತ್ತು ಸಣ್ಣದೆಂದೇ ಹೇಳಿರಬೇಕು. ಅವಳು ಈ ಕಡೆ ಓಡಿ ಬಂದಳು. ಅವರು ಬೆನ್ನು ತಿರುಗಿಸಿ ಆ ಕಡೆ ನಡೆದರು. ಅವಳು ಹೋಟೆಲಿನ ಮುಂದೆ ತಿರುಗಿ ಮತ್ತೆ ಓಡಿದಾಗ ಅವರು ಮೊದಲಿಗಿಂತ ದೂರದಲ್ಲಿ ಕೈ ಚಾಚಿ ನಿಂತಿದ್ದರು. ಅವಳು ಮುಟ್ಟಿ ಬಂದಳು. ಅವರು ಇನ್ನಷ್ಟು ಹಿಂದೆ ಸರಿದರು.

ಕೂಗಿ ಹೇಳೋಣ ಅನ್ನಿಸಿತು. ಅಲ್ಲಿಂದ ಆಚೆ ನನಗೆ ಕಾಣುವುದಿಲ್ಲ, ನೀವೇ ಹಾಕಿದ ಮಾತಲ್ಲವೇ ಎಂದು. ಅಷ್ಟು ದೂರಕ್ಕೆ ನನ್ನ ದನಿ ಮುಟ್ಟುವುದಿಲ್ಲ. ಮುಟ್ಟಿದರೂ ಕೂಗುತ್ತಿರಲಿಲ್ಲ.

ಹಳದಿ ಚುಕ್ಕೆಯಾಯಿತು. ಆಮೇಲೆ ಬಿಸಿಲಿನಲ್ಲಿ ಕರಗಿತು. ಮಗಳು ಅದರ ಹಿಂದೆಯೇ ಓಡಿ ಗೆರೆಯಾಗಿ, ಅವಳೂ ಕಾಣದಾದಳು.

ನಾನು 'ಓಂ ನಮಃ ಶಿವಾಯ' ಎಂದು ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಪತ್ರಿ ಮುಗಿದಿತ್ತು, ಬರೀ ನೀರೆರೆದು ವಿಭೂತಿ ಹಚ್ಚಿದೆ. ಕಣ್ಣು ಅದರಲ್ಲೇ ಇಟ್ಟು, ಒಮ್ಮೆಯೂ ತಲೆ ಎತ್ತದೆ ಪೂಜೆ ಮುಗಿಸಿದೆ. ಆಮೇಲೆ ಎದ್ದು, ಉಳಿದಿದ್ದ ರೊಟ್ಟಿಗಳಲ್ಲಿ ಮುರಿಯದವನ್ನು ಆರಿಸಿ ಅವರಿಬ್ಬರಿಗೆ ತೆಗೆದಿಟ್ಟೆ.